ನಾಯಿ ಅಂಗಳಕ್ಕೆ ಏನು ಹಾಸೋದು? ಸಿಪ್ಪೆ, ಚಕ್ಕೆ, ಮರಳು, ಕ್ರಷರ್ ಪುಡಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಕ್ರಷರ್ ಪುಡಿಗೆ, ಅಂದರೆ ಜಲ್ಲಿ ಒಡೆಯುವಾಗ ಉದುರುವ ಕಲ್ಲಿನ ಪುಡಿಗೆ. ಕೈಯಿಂದ ದುಡ್ಡು ಹೋಯಿತು, ಆದರೆ ಒಂದು ಮಳೆಗಾಲ ಜಗಳವಿಲ್ಲದೆ ಕಳೆಯಿತು. ಪುಕ್ಕಟೆ ಸಿಕ್ಕಿದ ಅಡಿಕೆ ಸಿಪ್ಪೆ ನಮ್ಮನ್ನು ರಾತ್ರಿ ಹೊತ್ತಲ್ಲಿ ಪಶುವೈದ್ಯರ ಮನೆ ಬಾಗಿಲು ತಟ್ಟುವ ಹಾಗೆ ಮಾಡಿತ್ತು.

ನಮ್ಮದು ಶಿರಸಿ ಪೇಟೆಯ ಅಂಚಿನ ಬಡಾವಣೆ. ಏಳು ಮನೆ, ಒಂಬತ್ತು ನಾಯಿ. ಎದುರು ಮನೆ ಮಾಸ್ತರು ತಮ್ಮ 3 ಗುಂಟೆ ಖಾಲಿ ಸೈಟನ್ನು, ಮನೆ ಕಟ್ಟುವ ತನಕ ನಾಯಿಗಳು ಓಡಾಡಿಕೊಂಡಿರಲಿ ಅಂತ ಬಿಟ್ಟುಕೊಟ್ಟರು. ಸುತ್ತ ಜಾಲರಿ ಬೇಲಿ ಹಾಕಿದೆವು. ಗೇಟು ಎರಡು. ಹೊರಗಿನದು ಮುಚ್ಚಿದ ಮೇಲೇ ಒಳಗಿನದು ತೆಗೆಯಬೇಕು, ಇಲ್ಲವಾದರೆ ನಮ್ಮನೆ ನಾಯಿ ಕಾಳು ಸೀದಾ ಬಸ್ ಸ್ಟ್ಯಾಂಡಿಗೆ. ಮನೆಗೆ ತಿಂಗಳಿಗೆ ₹300. ಲಸಿಕೆ ಪೂರ್ತಿ ಆಗದ ಮರಿಗೆ ಪ್ರವೇಶವಿಲ್ಲ, ಯಾಕೆಂದರೆ ಮರಿಗಳಿಗೆ ವಾಂತಿ-ಭೇದಿ ತರುವ ಪಾರ್ವೊ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ. ಇದಕ್ಕೆಲ್ಲ ಒಂದೇ ಸಂಜೆಯಲ್ಲಿ ಒಪ್ಪಿಗೆ ಆಯಿತು. ತಕರಾರು ಬಂದಿದ್ದು ನೆಲದ ವಿಷಯಕ್ಕೆ.

ಮೊದಲು ಇದ್ದಿದ್ದು ಗರಿಕೆ. ಒಂಬತ್ತು ನಾಯಿ ಎರಡು ತಿಂಗಳು ಓಡಿದ ಮೇಲೆ ನಡುವೆ ಬೋಳು, ಅಂಚಿನಲ್ಲಿ ಹುಲ್ಲು. ಮಳೆ ಹಿಡಿದ ಮೇಲೆ ನಡುವೆ ಕೆಸರು, ಅಂಚಿನಲ್ಲಿ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ನಾಯಿ ಬೆರಳ ಸಂದಿಯಿಂದ ಉಂಬಳ ಕಿತ್ತವರಿಗೆ ಹೆಚ್ಚು ಹೇಳಬೇಕಿಲ್ಲ.

ಸೊಪ್ಪಿನ ಬೆಟ್ಟದಿಂದ ದರಕು ತಂದು ಹಾಸೋಣ ಅಂತ ಒಬ್ಬರು ಅಂದರು. ಅದನ್ನು ನಾವು ಮಾಡಿ ನೋಡಲೇ ಇಲ್ಲ. ಒಣ ಎಲೆಯ ಜೊತೆ ಉಣ್ಣಿಯೂ ಬರುತ್ತದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತು ಸಿಕ್ಕ ಮಂಗನ ಕಾಯಿಲೆ ಹರಡುವುದೂ ಉಣ್ಣಿಯಿಂದಲೇ, ಆ ಕಾಯಿಲೆ ಕಾಣಿಸಿಕೊಂಡ ಸಿದ್ದಾಪುರ ನಮಗೆ ದೂರವೂ ಅಲ್ಲ. ಬೇಡ ಅಂದೆವು, ಮುಗಿಯಿತು.

ಆಗ ಬಂದಿದ್ದು ಸಿಪ್ಪೆ. ಫೆಬ್ರವರಿ, ಚಾಲಿ (ಒಣಗಿಸಿದ ಹಣ್ಣಡಿಕೆ) ಸುಲಿಯುವ ಕಾಲ. "ತಂಗೀ, ಪುಕ್ಕಟೆ ಸಿಪ್ಪೆ ಇದ್ದಲೇ, ದುಡ್ಡು ಎಂತಕ್ಕೆ ಹಾಕ್ತೆ?" ಅಂದರು ಮಾಸ್ತರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಮನೆ ದಾರಿ ಕೆಸರಾದರೆ ಸಿಪ್ಪೆ ಹಾಕುವುದು ರೂಢಿ ತಾನೇ. ಟ್ರ್ಯಾಕ್ಟರ್ ಬಾಡಿಗೆ ಮಾತ್ರ ಕೊಟ್ಟು ಎರಡು ಲೋಡು ಹಾಕಿಸಿದೆವು. ಮೆತ್ತಗೆ, ಬೆಚ್ಚಗೆ, ನಾಯಿಗಳು ಹೊರಳಾಡಿದ್ದೇ ಹೊರಳಾಡಿದ್ದು. ಎಲ್ಲರೂ ಫೋಟೋ ತೆಗೆದರು.

ಹದಿನೈದು ದಿನ ಕಳೆದಿರಬೇಕು. ಒಂದು ಸಂಜೆ ಮೂಲೆ ಮನೆಯ ಲ್ಯಾಬ್ರಡಾರ್ ಬ್ರೂನೋ ಬಾಯಿಂದ ದಾರದ ಹಾಗೆ ಜೊಲ್ಲು ಸುರಿಸುತ್ತಾ ನಿಂತಿತ್ತು. ಕಾಲು ನಡುಗುತ್ತಿತ್ತು. ಮನೆಗೆ ಹೋದ ಮೇಲೆ ವಾಂತಿ, ಆಮೇಲೆ ನಿಲ್ಲದ ಭೇದಿ. ಯಾರೋ ವಿಷ ಹಾಕಿದರು ಅಂತಲೇ ನಮಗೆಲ್ಲ ಗಾಬರಿ. ಮಾತು ಒಬ್ಬರ ಮೇಲೆ ಹೋಗುವುದರಲ್ಲಿತ್ತು ಕೂಡ.

ವಾಂತಿಯಲ್ಲಿ ಇದ್ದ ನಾರು ಮತ್ತು ಕಂದು ಚೂರು ನೋಡಿ ಡಾಕ್ಟರು ಕೇಳಿದ್ದು ಒಂದೇ ಮಾತು: "ಅಡಿಕೆ ತಿಂದಿದ್ಯಾ?" ಸುಲಿಯುವವರ ಕಣ್ತಪ್ಪಿದ ಗೋಟು, ಅಂದರೆ ಸುಲಿಯದ ಒಣ ಅಡಿಕೆ, ಸಿಪ್ಪೆಯ ಜೊತೆ ಬಂದಿತ್ತು. ಲ್ಯಾಬ್ರಡಾರ್ ಬಾಯಿ ಗೊತ್ತಲ್ಲ, ಕಲ್ಲು ಬಿಟ್ಟು ಉಳಿದಿದ್ದೆಲ್ಲ ಊಟ. ಅಡಿಕೆಯಲ್ಲಿರುವ ಅರೆಕೋಲಿನ್ ಜೊಲ್ಲು ತರಿಸುತ್ತದೆ, ಕರುಳನ್ನು ಹಿಂಡುತ್ತದೆ. ಹಿಂದೆ ನಾಯಿ ಹೊಟ್ಟೆಯ ಲಾಡಿಹುಳ ಬೀಳಿಸಲು ಇದನ್ನೇ ಔಷಧಿಯಾಗಿ ಕೊಡುತ್ತಿದ್ದರಂತೆ. ಹುಟ್ಟಿದಾಗಿನಿಂದ ಅಡಿಕೆ ನಡುವೆ ಇದ್ದ ನನಗೆ ಇದು ಗೊತ್ತೇ ಇರಲಿಲ್ಲ. ಡಾಕ್ಟರು ಅಟ್ರೋಪಿನ್ ಚುಚ್ಚಿದರು, ಸಲೈನ್ ಹಾಕಿದರು. ಬೆಳಿಗ್ಗೆ ಬ್ರೂನೋ ಬಾಲ ಅಲ್ಲಾಡಿಸಿತು. ಬಿಲ್ಲನ್ನು ಏಳು ಮನೆಯವರು ಹಂಚಿಕೊಂಡೆವು.

ಇನ್ನು ಇಷ್ಟೂ ಸಿಪ್ಪೆಯಿಂದ ಗೋಟು ಹೆಕ್ಕಬೇಕಲ್ಲ! ಮೂರು ಸಂಜೆ ಐದು ಜನ ಕೂತು ಕೈಯಲ್ಲೇ ಕೆದಕಿದೆವು, ಥೇಟ್ ಅಡಿಕೆ ಸುಲಿಯುವ ಚಪ್ಪರದ ಹಾಗೆ, ಎಲೆ-ಅಡಿಕೆಯ ಕವಳ ಒಂದು ಬಿಟ್ಟು. ಅರ್ಧ ಬಕೆಟ್ ಸಿಕ್ಕಿತು. ನಾಲ್ಕನೇ ದಿನ ಕಾಳು ಮತ್ತೊಂದನ್ನು ಬಾಯಲ್ಲಿ ಹಿಡಿದುಕೊಂಡು ಬಂದು ನನ್ನ ಕಾಲ ಬುಡದಲ್ಲಿ ಇಟ್ಟಿತು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಅಷ್ಟಾದರೂ ಮಾಸ್ತರ ಮಾತಿಗೆ ಕಟ್ಟುಬಿದ್ದು ಒಂದು ಮೂಲೆಯಲ್ಲಿ ಸಿಪ್ಪೆಯನ್ನು ಹಾಗೇ ಬಿಟ್ಟಿದ್ದೆವು. ಜೂನ್ ಮಳೆಗೆ ಅದೂ ತೇಲಿ ಹೋಗಿ ಚರಂಡಿ ಬಾಯಿಗೆ ಬೆಣೆಯಂತೆ ಕೂತಿತು. ಆ ವಾಸನೆ ಈಗಲೂ ಮೂಗಲ್ಲಿದೆ.

ಸಾಮಿಲ್ ಚಕ್ಕೆ ಬೇಸಿಗೆಗೆ ಚಲೋ. ಮಳೆಗೆ ಅಣಬೆ ಏಳುತ್ತದೆ, ಎರಡು ನಾಯಿಯ ಪಾದಕ್ಕೆ ಸಿಬಿರು ಹೊಕ್ಕಿತು. ಸಾಕು ಅಂದೆವು.

ಮರಳು ನೋಡಲು ಚಂದ. ಆದರೆ ನೆರಳಲ್ಲಿ ಒದ್ದೆಯಾಗಿಯೇ ಇರುವ ಮರಳು ಕೊಕ್ಕೆಹುಳದ ಮರಿಗಳಿಗೆ ತವರುಮನೆ. ಹುಳ ಇರುವ ನಾಯಿ ಒಂದು ಸಲ ಹೇತರೆ ಉಳಿದವಕ್ಕೂ ಅಂಟಬಹುದು, ಬರಿಗಾಲಲ್ಲಿ ನಿಂತ ನಮ್ಮ ಚರ್ಮದೊಳಗೂ ಹೊಕ್ಕು ತುರಿಸುವ ಗೆರೆ ಎಳೆಯುತ್ತದೆ. ಕಾರವಾರದಲ್ಲಿರುವ ನನ್ನ ತಮ್ಮ "ನಮಗೆ ಕಡಲ ದಂಡೆಯೇ ಇದೆ ಅಕ್ಕಾ" ಅಂತ ಹೊಟ್ಟೆ ಉರಿಸುತ್ತಾನೆ. ಅವನಿಗೆ ದಿನಕ್ಕೆರಡು ಸಲ ಸಮುದ್ರವೇ ಬಂದು ತೊಳೆದುಕೊಡುತ್ತದೆ, ನಮಗೆ ಯಾರು?

ಕೊನೆಗೆ ಕ್ರಷರ್ ಪುಡಿ. ಇಡೀ ಜಾಗಕ್ಕೆ ಹಾಕುವಷ್ಟು ದುಡ್ಡಿರಲಿಲ್ಲ. ಅರ್ಧಕ್ಕೆ ಮೂರಿಂಚು ದಪ್ಪ, ಎರಡು ಸಣ್ಣ ಟಿಪ್ಪರ್, ಸಾಗಾಟ ಸೇರಿ ₹22,000. ಹಾಕುವ ಮೊದಲು ನೆಲಕ್ಕೆ ಚರಂಡಿ ಕಡೆ ಇಳಿಜಾರು ಕೊಟ್ಟೆವು. ಅದು ಕೊಡದಿದ್ದರೆ ಪುಡಿ ಹಾಕಿಯೂ ಪ್ರಯೋಜನವಿಲ್ಲ. ಜುಲೈಯಲ್ಲಿ ಮೂರು ದಿನ ಬಿಡದೆ ಹೊಡೆದ ಮಳೆ ನಿಂತ ಅರ್ಧ ಗಂಟೆಗೆ ನಾಯಿ ಬಿಟ್ಟೆವು, ಪಾದ ಒರೆಸುವ ಬಟ್ಟೆ ಒದ್ದೆಯಾಯಿತೇ ಹೊರತು ಕೆಂಪಾಗಲಿಲ್ಲ. ನೀರು ನಿಲ್ಲದಿದ್ದರೆ ಇಲಿ ಜ್ವರದ ಹೆದರಿಕೆಯೂ ಕಡಿಮೆ. ಬೂದು ನೆಲದ ಮೇಲೆ ಹೇಲು ಎದ್ದು ಕಾಣುತ್ತದೆ, ಹೆಕ್ಕಲು ಸಲೀಸು. ಹೆಕ್ಕುವುದಕ್ಕೆ ಅಂತ ಆನ್‌ಲೈನಲ್ಲಿ ತರಿಸಿದ ಪ್ಲಾಸ್ಟಿಕ್ ಚಮಚ ವಾರದಲ್ಲಿ ಮುರಿಯಿತು. ಈಗ ಅಡಿಕೆ ಹಾಳೆಯ ತುಂಡು. ಹೆಕ್ಕಿದ್ದು ಬಾವಿಯಿಂದ ದೂರದ ಗುಂಡಿಗೆ, ತೋಟದ ಗೊಬ್ಬರಕ್ಕಲ್ಲ.

ತೊಂದರೆ ಇಲ್ಲ ಅಂತಲ್ಲ. ಏಪ್ರಿಲ್‌ನಲ್ಲಿ ಧೂಳು, ಮಧ್ಯಾಹ್ನ ಕಾಲಿಗೆ ಬಿಸಿ, ಉಚ್ಚೆ ವಾಸನೆ. ಸಂಜೆ ಪೈಪಲ್ಲಿ ನೀರು ಬಿಡಬೇಕು, ಬಾವಿ ಇಳಿದಾಗ ಅದಕ್ಕೂ ಮುಖ ನೋಡಬೇಕು. ದೀಪಾವಳಿ ಹೊತ್ತಿಗೆ ಸ್ವಲ್ಪ ಹೊಸ ಪುಡಿಯನ್ನೂ ಎಳೆಯಬೇಕು.

ನಿಮ್ಮಲ್ಲಿ ನಾಯಿ ಎರಡೇ ಇದ್ದು, ಮಳೆಗಾಲ ಪೂರ್ತಿ ಜಗುಲಿಯಲ್ಲೇ ಮಲಗುವ ಜಾತಿಯಾದರೆ ಚಕ್ಕೆ ಸಾಕು. ನನಗೆ ದಿನಾ ಬೆಳಿಗ್ಗೆ ಆರಕ್ಕೆ, ಮಳೆಯಿರಲಿ ಬಿಡಲಿ, ಕಾಳುವನ್ನು ಓಡಿಸಲೇಬೇಕು. ಹಾಗಾಗಿ ಉಳಿದ ಅರ್ಧಕ್ಕೂ ಪುಡಿಯೇ, ವಂತಿಗೆ ಈ ತಿಂಗಳು ₹500. ಮಾಸ್ತರೂ ಕೊಟ್ಟರು. ಉಳಿದ ಸಿಪ್ಪೆ ಅವರ ಬಚ್ಚಲೊಲೆಗೆ ಹೋಗುತ್ತಿದೆ, ಚೂರೂ ಹಾಳಾಗಲಿಲ್ಲ ಅಂತ ಸಿಕ್ಕಾಗಲೆಲ್ಲ ನನಗೆ ಹೇಳುತ್ತಾರೆ.