ಹಳೇ ಲ್ಯಾಪ್‌ಟಾಪಿನಲ್ಲಿ ರೇಡಿಯೊ: ಬ್ರೌಸರ್, ಎಂಪಿವಿ, ಪೈರೇಡಿಯೊ

ದಾವಣಗೆರೆಯ ಹಾಸ್ಟೆಲ್‌ನಲ್ಲಿರುವ ತಂಗಿ ಕೇಳಿದ್ದಾಳೆ: 2 ಜಿಬಿ ರ‍್ಯಾಮ್‌ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ರೇಡಿಯೊ ಕೇಳೋಕೆ ಯಾವುದು ಸರಿ?

ಬ್ರೌಸರ್, ಎಂಪಿವಿ (ಹಾಡು, ವಿಡಿಯೊ ನುಡಿಸುವ ಪ್ಲೇಯರ್), ಪೈರೇಡಿಯೊ (ಟರ್ಮಿನಲ್‌ನಲ್ಲಿ, ಅಂದರೆ ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ, ನಡೆಯುವ ರೇಡಿಯೊ ತಂತ್ರಾಂಶ), ಮೂರೂ ಪುಕ್ಕಟೆ. ಡೇಟಾ ಖರ್ಚೂ ಹೆಚ್ಚುಕಮ್ಮಿ ಒಂದೇ. 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಸ್ಟ್ರೀಮ್ ಗಂಟೆಗೆ ಸುಮಾರು 29 ಎಂಬಿ ತಿನ್ನುತ್ತದೆ. ಬ್ರೌಸರ್‌ನಲ್ಲಿ ಚಿತ್ರ, ಜಾಹೀರಾತು ಸೇರಿ ಸ್ವಲ್ಪ ಜಾಸ್ತಿ.

ದೊಡ್ಡ ವ್ಯತ್ಯಾಸ ಇರುವುದು ರ‍್ಯಾಮ್‌ನಲ್ಲಿ. ಪಿಡಿಎಫ್ ತೆರೆದು ಓದುತ್ತಾ ಪಕ್ಕದಲ್ಲಿ ಬ್ರೌಸರ್ ಇಟ್ಟರೆ ಇಂಥ ಯಂತ್ರ ಏದುಸಿರು ಬಿಡುತ್ತದೆ. ಟರ್ಮಿನಲ್‌ನಲ್ಲಿ ಎಂಪಿವಿ ಬರೀ ಧ್ವನಿ ನುಡಿಸುತ್ತದೆ, ಅಷ್ಟೇ. ಸ್ಪೇಸ್ ಒತ್ತಿದರೆ ನಿಲ್ಲುತ್ತದೆ, 9 ಮತ್ತು 0 ಕೀಲಿಗಳಿಂದ ಸದ್ದು ಇಳಿಸಿ ಏರಿಸಬಹುದು, ಕ್ಯೂ ಒತ್ತಿದರೆ ಮುಚ್ಚುತ್ತದೆ. ನನಗಂತೂ ಈ ಸರಳತೆ ತುಂಬಾ ಇಷ್ಟ. ಆದರೆ ಸ್ಟೇಷನ್ನಿನ ಸ್ಟ್ರೀಮ್ ಲಿಂಕ್ ನೀನೇ ಹುಡುಕಿ ಕೊಡಬೇಕು.

ಪೈರೇಡಿಯೊದಲ್ಲಿ ಆ ತಲೆನೋವು ಕಡಿಮೆ. ಪಟ್ಟಿ ಇರುತ್ತದೆ, ಬಾಣದ ಕೀಲಿಯಿಂದ ಆರಿಸಿ ಎಂಟರ್ ಒತ್ತಿದರಾಯಿತು. ಹೊಸ ಸ್ಟೇಷನ್ ಹುಡುಕಿ ಸೇರಿಸಲೂಬಹುದು. ಹಾಡಿಸಲು ಮಾತ್ರ ಅದಕ್ಕೆ ಎಂಪಿವಿ, ಎಂಪ್ಲೇಯರ್ ಅಥವಾ ವಿಎಲ್‌ಸಿ ಬೇಕೇ ಬೇಕು.

ಕಾಲೇಜು ಲ್ಯಾಬಿನಲ್ಲಿ ಏನೂ ಇನ್‌ಸ್ಟಾಲ್ ಮಾಡಲಾಗದು ಅಲ್ವಾ, ಅಲ್ಲಿ ಬ್ರೌಸರ್ರೇ ಗತಿ. ದಿನಾ ಒಂದೆರಡೇ ಸ್ಟೇಷನ್ ಕೇಳುವುದಾದರೆ ಎಂಪಿವಿ ಸಾಕು. ಹತ್ತಾರು ಸ್ಟೇಷನ್ ಬದಲಿಸುತ್ತಾ ಕೂರುವ ಅಭ್ಯಾಸವಿದ್ದರೆ ಪೈರೇಡಿಯೊ ಹಾಕಿಕೋ.