ಮನೆಯಲ್ಲೇ ಹೈಸ್ಕೂಲು: ಎಸ್ಸೆಸ್ಸೆಲ್ಸಿ, ಎನ್‌ಐಓಎಸ್, ಐಜಿಸಿಎಸ್‌ಇ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ

ಏಳನೆಯದೋ ಎಂಟನೆಯದೋ ಮುಗಿಸಿದ ಮಗುವನ್ನು ಮನೆಯಲ್ಲೇ ಓದಿಸಲು ಹೊರಟ ಮಂಗಳೂರು, ಉಡುಪಿಯ ಹೆತ್ತವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ: ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ, ಎನ್‌ಐಓಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆ, ಹತ್ತನೆಯ ಮಟ್ಟದ ಅಂತರರಾಷ್ಟ್ರೀಯ ಪರೀಕ್ಷೆಯಾದ ಕೇಂಬ್ರಿಡ್ಜ್ ಐಜಿಸಿಎಸ್‌ಇ. ಮೂರರ ಪುಸ್ತಕಗಳಲ್ಲೂ ಪಾಠ ಮಾಡಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇದು: ಪರೀಕ್ಷೆ ಎನ್‌ಐಓಎಸ್‌ನದ್ದಿರಲಿ, ಗಣಿತ ಮತ್ತು ವಿಜ್ಞಾನದ ಓದು ಮಾತ್ರ ರಾಜ್ಯದ ಪಠ್ಯಪುಸ್ತಕದಲ್ಲಿ ನಡೆಯಲಿ.

ಪುಸ್ತಕಕ್ಕಿಂತ ಮೊದಲು ಕಾಗದಪತ್ರ. ಪಿಯು ನಂತರ ಸಿಇಟಿ ಎಂಬ ರಾಜ್ಯದ ಪ್ರವೇಶ ಪರೀಕ್ಷೆಯ ಮೂಲಕ ವೃತ್ತಿಪರ ಕೋರ್ಸಿನ ಸರ್ಕಾರಿ ಸೀಟು ಬೇಕೆಂದಿದ್ದರೆ ಸಾಮಾನ್ಯವಾಗಿ ಅನ್ವಯಿಸುವ ಷರತ್ತು, ಒಂದರಿಂದ ಹನ್ನೆರಡರ ನಡುವೆ ಕನಿಷ್ಠ 7 ವರ್ಷ ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಓದಿರಬೇಕು ಎಂಬುದು. ಮನೆಯಲ್ಲಿ ಓದಿದ ವರ್ಷ ಲೆಕ್ಕಕ್ಕೆ ಬರುವುದಿಲ್ಲ. ಏಳರವರೆಗೆ ಇಲ್ಲೇ ಶಾಲೆಗೆ ಹೋಗಿ, ಮುಂದೆ ಪಿಯು ಎರಡು ವರ್ಷ ಇಲ್ಲೇ ಓದುವ ಮಗುವಿಗೆ ತೊಂದರೆಯಿಲ್ಲ. ಕೈತಪ್ಪಿ ಹೋಗುವುದು ಗ್ರಾಮೀಣ ಮೀಸಲಾತಿ. ಅದಕ್ಕೆ ಒಂದರಿಂದ ಹತ್ತರವರೆಗೆ ಪೂರಾ 10 ವರ್ಷ ಗ್ರಾಮೀಣ ಶಾಲೆಯಲ್ಲೇ ಓದಿರಬೇಕು. ಕನ್ನಡ ಮಾಧ್ಯಮದ ಮೀಸಲಾತಿಗೂ ಹತ್ತು ವರ್ಷದ ಲೆಕ್ಕವೇ. ಕಾರ್ಕಳ, ಬೆಳ್ತಂಗಡಿ ಕಡೆಯ ಹಳ್ಳಿಯವರು ಶಾಲೆ ಬಿಡಿಸುವ ಮೊದಲು ಇದನ್ನು ಗಟ್ಟಿಯಾಗಿ ಯೋಚಿಸಬೇಕು, ಮತ್ತೆ ಸರಿಪಡಿಸಲು ಬರುವುದಿಲ್ಲ. ಟಿಸಿ ತರುವ ದಿನವೇ ವ್ಯಾಸಂಗ ಪ್ರಮಾಣಪತ್ರವನ್ನೂ ಬರೆಸಿಕೊಂಡು ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಿಡಿ.

ಎಸ್ಸೆಸ್ಸೆಲ್ಸಿಯ ದೊಡ್ಡ ಬಲ ಪರಿಚಿತತೆ. ಪುಸ್ತಕಗಳ ಪಿಡಿಎಫ್ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತ, ಹಳೆ ಪ್ರಶ್ನೆಪತ್ರಿಕೆಗಳಿಗೆ ಬರವಿಲ್ಲ, ಹೇಳಿಕೊಡುವ ಮಾಷ್ಟ್ರು ಪ್ರತಿ ಊರಲ್ಲೂ ಸಿಗುತ್ತಾರೆ. ಪಿಯು ಕಾಲೇಜಿನ ಆಫೀಸಿನಲ್ಲಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಆದರೆ ಆರೂ ವಿಷಯ ಕಡ್ಡಾಯ, ಅದರಲ್ಲಿ ಮೂರು ಭಾಷೆ. ಸಮಾಜ ವಿಜ್ಞಾನವೊಂದರಲ್ಲೇ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವೂ ತುಂಬಿಕೊಂಡಿವೆ. ಮನೆಯಲ್ಲಿ ಓದುವ ಮಗುವಿನ ಹೊತ್ತನ್ನು ಹೆಚ್ಚು ತಿನ್ನುವುದು ಇದೇ. ಮಗುವಿನ ಆಸಕ್ತಿಗೆ ತಕ್ಕಂತೆ ಓದಿಸಬೇಕೆಂದು ಶಾಲೆ ಬಿಡಿಸಿದವರಿಗೆ ಇಲ್ಲಿ ಕೈಕಾಲು ಆಡಿಸಲು ಜಾಗ ಕಡಿಮೆ. ಒಂದು ಮಾತು ಮಾತ್ರ ಇದರ ಪರವಾಗಿ ಹೇಳಲೇಬೇಕು: ತುಳುವನ್ನು ತೃತೀಯ ಭಾಷೆಯಾಗಿ ತೆಗೆದುಕೊಳ್ಳಲು ಇದರಲ್ಲಿ ಅವಕಾಶವಿದೆ.

ಎನ್‌ಐಓಎಸ್‌ನಲ್ಲಿ 14 ತುಂಬಿದವರು ಸೆಕೆಂಡರಿಗೆ, ಅಂದರೆ ಹತ್ತನೆಯ ಹಂತಕ್ಕೆ, ಸೇರಬಹುದು. ಪಾಸಾಗಲು ಐದು ವಿಷಯ ಸಾಕು. ಕನ್ನಡ, ಗಣಿತ, ವಿಜ್ಞಾನದ ಜೊತೆಗೆ ಗೃಹವಿಜ್ಞಾನ, ಚಿತ್ರಕಲೆ, ಡೇಟಾ ಎಂಟ್ರಿಯಂಥವನ್ನೂ ಆರಿಸಬಹುದು. ನೋಂದಣಿ 5 ವರ್ಷ ಚಾಲ್ತಿಯಲ್ಲಿರುತ್ತದೆ, ಪರೀಕ್ಷೆ ವರ್ಷಕ್ಕೆ ಎರಡು ಸರದಿ. ವಿಷಯಗಳನ್ನು ಒಂದೊಂದಾಗಿ ಮುಗಿಸುವ ಈ ಅನುಕೂಲವೇ ಉಳಿದೆರಡಕ್ಕಿಂತ ಇದನ್ನು ಮೇಲೆತ್ತುತ್ತದೆ. ಭಾಷೆ ಮತ್ತು ಹಗುರ ವಿಷಯ ಮೊದಲ ಸರದಿಗೆ, ಗಣಿತ ವಿಜ್ಞಾನ ಎರಡನೆಯದಕ್ಕೆ ಇಡಿ. ಕೊನೆಯ ವಿಷಯ ಅಕ್ಟೋಬರ್–ನವೆಂಬರ್ ಸರದಿಯಲ್ಲೇ ಮುಗಿಯಲಿ. ಏಪ್ರಿಲ್–ಮೇ ಸರದಿಗೆ ಬಿಟ್ಟರೆ ಫಲಿತಾಂಶ ಎಸ್ಸೆಸ್ಸೆಲ್ಸಿಗಿಂತ ತಡವಾಗಿ ಬರುತ್ತದೆ. ಅಷ್ಟರಲ್ಲಿ ಮೂಡುಬಿದಿರೆ, ಮಂಗಳೂರಿನ ಬೇಡಿಕೆಯ ಕಾಲೇಜುಗಳಲ್ಲಿ ಪಿಯು ಸೀಟು ಭರ್ತಿಯಾಗಿರುತ್ತದೆ.

ಇಲ್ಲಿ ಎಡವುವುದು ಎರಡು ಕಡೆ. ಟಿಎಂಎ ಎಂಬ ಮನೆಗೆಲಸದ ಬರಹಕ್ಕೆ 20 ಶೇಕಡಾ ತೂಕವಿದೆ. ಕೈಬರಹದ ಉತ್ತರವನ್ನು ಸ್ಕ್ಯಾನ್ ಮಾಡಿ ಗಡುವಿನೊಳಗೆ ಅಪ್‌ಲೋಡ್ ಮಾಡದಿದ್ದರೆ ಆ ಅಂಕ ಹೋಯಿತು. ಕಡೆಯ ದಿನ ಸರ್ವರ್ ನಿಧಾನವಾಗುವುದು ಮಾಮೂಲು, ಎರಡು ವಾರ ಮೊದಲೇ ಹಾಕಿಬಿಡಿ. ಎರಡನೆಯದು ಗಣಿತ. ಪುಸ್ತಕದಲ್ಲಿ ವಾಣಿಜ್ಯ ಗಣಿತಕ್ಕೆ ದೊಡ್ಡ ಜಾಗ ಕೊಟ್ಟಿದ್ದಾರೆ, ಪಿಯು ವಿಜ್ಞಾನಕ್ಕೆ ಬೇಕಾದ ಬೀಜಗಣಿತದ ಅಭ್ಯಾಸ ಅಷ್ಟು ಗಟ್ಟಿಯಾಗಿಲ್ಲ. ರಾಜ್ಯದ ಹತ್ತನೆಯ ಪುಸ್ತಕದಿಂದ ವರ್ಗಸಮೀಕರಣ, ತ್ರಿಕೋನಮಿತಿ ಅಧ್ಯಾಯಗಳ ಲೆಕ್ಕಗಳನ್ನು ಪೂರ್ತಿ ಮಾಡಿಸಿ.

ಐಜಿಸಿಎಸ್‌ಇ ಪ್ರಶ್ನೆಪತ್ರಿಕೆ ಮೂರರಲ್ಲಿ ಅತ್ಯುತ್ತಮ, ಅದರಲ್ಲಿ ಅನುಮಾನವಿಲ್ಲ. ಬಾಯಿಪಾಠ ನಡೆಯುವುದಿಲ್ಲ, ಗ್ರಾಫ್, ಕೋಷ್ಟಕ ಕೊಟ್ಟು ತರ್ಕ ಕೇಳುತ್ತಾರೆ. ಆದರೆ ಪ್ರತಿ ವಿಷಯಕ್ಕೂ ಶುಲ್ಕ ದುಬಾರಿ, ಮೇಲಾಗಿ ಹೊರಗಿನ ಅಭ್ಯರ್ಥಿಯನ್ನು ಸೇರಿಸಿಕೊಳ್ಳುವ ಕೇಂದ್ರ ಹುಡುಕಬೇಕು. ಗಣಿತದಲ್ಲಿ ಕೋರ್ ಎಂಬ ಸುಲಭದ ಹಂತ ತೆಗೆದುಕೊಂಡರೆ ಎಷ್ಟೇ ಚೆನ್ನಾಗಿ ಬರೆದರೂ ಸಿ ಗ್ರೇಡಿನ ಮೇಲೆ ಹೋಗುವುದಿಲ್ಲ, ಹಾಗಾಗಿ ಮೇಲಿನ ಹಂತವಾದ ಎಕ್ಸ್‌ಟೆಂಡೆಡ್ ಆರಿಸಿ. 2025ರಿಂದ ಅದರ ಒಂದು ಪತ್ರಿಕೆಯನ್ನು ಕ್ಯಾಲ್ಕುಲೇಟರ್ ಇಲ್ಲದೆ ಬರೆಯಬೇಕು. ವಿದೇಶದ ಓದಿನ ಉದ್ದೇಶ ಇಲ್ಲದವರಿಗೆ ಈ ಖರ್ಚು ದಂಡ ಎಂದೇ ನಮ್ಮ ಅನಿಸಿಕೆ. ಹಳೆ ಪತ್ರಿಕೆಗಳನ್ನು ಮಾತ್ರ ಯಾವ ದಾರಿಯವರೂ ಅಭ್ಯಾಸಕ್ಕೆ ಬಳಸಲಿ, ಮುಖ್ಯವಾಗಿ ವಿಜ್ಞಾನದಲ್ಲಿ ಪ್ರಯೋಗದ ಬದಲಿಗೆ ಇರುವ ಆರನೇ ಪತ್ರಿಕೆಯನ್ನು.

ವಾರಕ್ಕೆ ಇಪ್ಪತ್ತು ಗಂಟೆ ಸಾಕು: ಗಣಿತ 5, ವಿಜ್ಞಾನ 6, ಭಾಷೆಗಳಿಗೆ 6, ಉಳಿದದ್ದಕ್ಕೆ 3. ವಿಜ್ಞಾನದ ಆರರಲ್ಲಿ ಎರಡು ಗಂಟೆ ಒಟ್ಟಿಗೆ ಪ್ರಯೋಗಕ್ಕೆ ಮೀಸಲಿಡಿ. ಆಮ್ಲ, ಪ್ರತ್ಯಾಮ್ಲ ಗುರುತಿಸುವ ಸೂಚಕಕ್ಕೆ ಪುನರ್ಪುಳಿ ಸಿಪ್ಪೆ ನೆನೆಸಿದ ನೀರು ಚೆನ್ನಾಗಿ ಒದಗುತ್ತದೆ: ನಿಂಬೆರಸಕ್ಕೆ ಕೆಂಪಾಗಿಯೇ ಉಳಿದು, ಅಡುಗೆ ಸೋಡಾ ಹಾಕಿದರೆ ಬಣ್ಣ ಬದಲಿಸುತ್ತದೆ. ಸಕ್ಕರೆ ಹಾಕಿದ ಶರಬತ್ತು ಬೇಡ, ಅದರಲ್ಲಿ ಬಣ್ಣವೂ ಬೆರೆತಿರಬಹುದು. ಗಾಜಿನ ಚಪ್ಪಡಿಯಲ್ಲಿ ವಕ್ರೀಭವನ ಅಳೆಯುವಾಗ ಪಿನ್ನುಗಳ ನಡುವೆ ಕನಿಷ್ಠ 5 ಸೆಂ.ಮೀ. ಅಂತರವಿರಲಿ, ಹತ್ತಿರ ಚುಚ್ಚಿದರೆ ಒಂದು ಮಿಲಿಮೀಟರಿನ ತಪ್ಪೂ ಕೋನವನ್ನು ಕೆಡಿಸುತ್ತದೆ. ಪಿನ್ನಿನ ತಲೆಯನ್ನಲ್ಲ, ಬುಡವನ್ನು ನೋಡಿ ಸಾಲು ಹಿಡಿಯಬೇಕು. ಓಮ್‌ನ ನಿಯಮದ ಗ್ರಾಫ್ ಬಾಗಿದರೆ ಸ್ವಿಚ್ಚನ್ನು ಹೊತ್ತು ಮೀರಿ ಹಾಕಿಟ್ಟಿದ್ದೀರಿ, ತಂತಿ ಬಿಸಿಯಾಗಿ ರೋಧ ಏರಿದೆ. ಮೀಟರಿನ ಪ್ರತಿ ಅಳತೆ ತೆಗೆದ ನಂತರ ಸ್ವಿಚ್ಚನ್ನು ಬಂದ್ ಮಾಡಿ.

ಎನ್‌ಐಓಎಸ್ ಪ್ರಾಯೋಗಿಕ ಪರೀಕ್ಷೆ ಅಧ್ಯಯನ ಕೇಂದ್ರದಲ್ಲಿ, ಲಿಖಿತಕ್ಕಿಂತ ಮೊದಲೇ ನಡೆಯುತ್ತದೆ. ಹೋಗುವಾಗ ದಿನಾಂಕ ಹಾಕಿದ ರೆಕಾರ್ಡ್ ಪುಸ್ತಕ ಕೈಯಲ್ಲಿರಬೇಕು, ಆದ್ದರಿಂದ ಪ್ರಯೋಗ ಮಾಡಿದ ಸಂಜೆಯೇ ಅದನ್ನು ಬರೆಸಿಬಿಡಿ.