ದುಬಾರಿ ಕ್ಷೌರಶಾಲೆಯ ‘ಜರ್ಮನ್ ಕತ್ತಿ’: ಕಾಸರಗೋಡಿನವರ ಗಮನಕ್ಕೆ

ಮಂಗಳೂರಿನಂಥ ನಗರಗಳನ್ನು ದಾಟಿ ಈಗ ನಮ್ಮ ಕಾಸರಗೋಡು ಜಿಲ್ಲೆಯ ಪೇಟೆಗಳಿಗೂ ಬಂದಿರುವ ಐಷಾರಾಮಿ ಕ್ಷೌರಶಾಲೆಗಳಲ್ಲಿ ‘ಸಾಂಪ್ರದಾಯಿಕ ಶೇವಿಂಗ್’ ಮಾಡಿಸಿಕೊಳ್ಳಲು ಕುಳಿತುಕೊಳ್ಳುವ ಮುನ್ನ ದಯವಿಟ್ಟು ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಿ. ನಿಮ್ಮ ಮುಖಕ್ಕೆ ತಾಗುವ ಅಲಗು ನಿಮ್ಮ ಕಣ್ಣೆದುರೇ ಕಾಗದ ಬಿಚ್ಚಿ ಹಾಕಿದ ಹೊಸ ಬ್ಲೇಡೇ, ಅಥವಾ ನಿಮಗಿಂತ ಮೊದಲು ಕುಳಿತವರ ಗಡ್ಡ ತೆಗೆದ ಅದೇ ಕತ್ತಿಯೇ? ನನ್ನ ಸೋದರಳಿಯನ ಮದುವೆಗೆ ಕೆಲವೇ ದಿನಗಳಿರುವಾಗ ನಡೆದ ಘಟನೆಯಿಂದಾಗಿ ಇದನ್ನು ಬರೆಯುತ್ತಿದ್ದೇನೆ. ದೂರು ವಿಚಾರಣೆಯಲ್ಲಿರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಲ್ಲದೆ ಈ ಪದ್ಧತಿ ಅದೊಂದೇ ಅಂಗಡಿಯಲ್ಲಿದೆ ಎಂದು ನಂಬಲು ನನಗೆ ಕಾರಣವೂ ಕಾಣುವುದಿಲ್ಲ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಅಳಿಯನಿಗೆ ಬ್ರಷ್ಷು, ಸಾಬೂನಿನ ನೊರೆ, ಎರಡಲಗಿನ ಬ್ಲೇಡು ಇವುಗಳಿಂದ ಗಡ್ಡ ಮಾಡಿಕೊಳ್ಳುವ ಹಳೆಯ ಕ್ರಮದಲ್ಲಿ ನಿಜವಾದ ಆಸಕ್ತಿಯಿದೆ, ಮತ್ತು ಅದನ್ನು ನಾನು ಮೆಚ್ಚುತ್ತೇನೆ. 1904ರಲ್ಲಿ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಪೇಟೆಂಟ್ ಪಡೆದ, ತೆಳುವಾದ ಬ್ಲೇಡನ್ನು ಬದಲಿಸಬಹುದಾದ ಆ ಸರಳ ಸಾಧನವನ್ನು 1970ರ ದಶಕದ ಬಳಿಕ ಎರಡು, ಮೂರು, ಐದು ಅಲಗುಗಳ ಕಾರ್ಟ್ರಿಜ್‌ಗಳು ಹಿಂದಕ್ಕೆ ತಳ್ಳಿದವು. ಅವುಗಳ ಬೆಲೆ ಏರುತ್ತ ಹೋದಾಗ ಬಹಳ ಮಂದಿ ಮತ್ತೆ ಹಳೆಯದಕ್ಕೇ ಮರಳಿದರು. ನಮ್ಮ ಕಡೆ ಮರಳಬೇಕಾದ ಪ್ರಮೇಯವೇ ಬರಲಿಲ್ಲವೆನ್ನಬೇಕು. ಕುಂಬಳೆ, ಬದಿಯಡ್ಕ, ಮುಳ್ಳೇರಿಯಗಳ ಜಿನಸಿನ ಅಂಗಡಿಗಳಲ್ಲಿ ಎರಡಲಗಿನ ಬ್ಲೇಡಿನ ಪೊಟ್ಟಣ ಎಂದೂ ಸಿಗದೆ ಹೋದದ್ದಿಲ್ಲ. ಹಾಗಿರುವಾಗ ಈ ಹೊಸ ಅಂಗಡಿಗಳು ‘ಪರಂಪರೆ’ಯ ಹೆಸರಿನಲ್ಲಿ ನಮಗೆ ಹೊಸದಾಗಿ ಕೊಡಬಲ್ಲದ್ದು, ಬ್ಲೇಡು ಬರುವುದಕ್ಕೂ ಮುಂಚಿನ ಮಡಚುವ ಕ್ಷೌರದ ಕತ್ತಿಯನ್ನು ಮಾತ್ರ. ಅಪಾಯವಿರುವುದೂ ಅಲ್ಲಿಯೇ.

ಮದುವೆಗೆ ಮೊದಲು ಮದುಮಗನ ಅಲಂಕಾರಕ್ಕೆಂದು ಅಂಗಡಿಯವರು ಪ್ಯಾಕೇಜೊಂದನ್ನು ಮಾರುತ್ತಿದ್ದರು. ಹಣವನ್ನು ಮುಂಗಡವಾಗಿಯೇ ಕಟ್ಟಿಸಿಕೊಂಡರು. ಒಳಗೆ ಚರ್ಮದ ಹೊದಿಕೆಯ ಕುರ್ಚಿಗಳು, ಮರದ ಚೌಕಟ್ಟಿನ ಕನ್ನಡಿಗಳು, ಬಿಸಿ ಟವೆಲ್ಲಿನ ಪೆಟ್ಟಿಗೆ, ಚಂದನದ ಪರಿಮಳ ಎಲ್ಲವೂ ಅಚ್ಚುಕಟ್ಟಾಗಿದ್ದವು. ಅಳಿಯನ ಸರದಿ ಬರುವ ತನಕ ನಾನು ಹಿಂಬದಿಯ ಸೋಫಾದಲ್ಲಿ ಕುಳಿತು ನೋಡುತ್ತಿದ್ದೆ. ಅವನಿಗಿಂತ ಮೊದಲಿನ ಗಿರಾಕಿ ಎದ್ದ ಕೂಡಲೇ ಕೆಲಸದ ಹುಡುಗ ಕತ್ತಿಯನ್ನು ಹೆಗಲ ಮೇಲಿದ್ದ ಟವೆಲ್ಲಿನಿಂದ ಒರೆಸಿ, ನೀಲಿ ಬೆಳಕಿನ ಸಣ್ಣ ಗಾಜಿನ ಕಪಾಟಿನೊಳಗೆ ಇಟ್ಟ. ಅಳಿಯನ ಮುಖಕ್ಕೆ ಬಿಸಿ ಟವೆಲ್ಲು ಹಾಕಿ ನೊರೆ ಹಚ್ಚಿ ಮುಗಿಸುವ ಹೊತ್ತಿಗೆ ಅದೇ ಕತ್ತಿಯನ್ನು ಹೊರತೆಗೆದು, ಕುರ್ಚಿಗೆ ನೇತುಹಾಕಿದ್ದ ಚರ್ಮದ ಪಟ್ಟಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆದು ಮಸೆದ. ಅಲಗು ಹಿಡಿಯೊಳಗೆ ಮಡಚಿಕೊಳ್ಳುವ ಸಂದಿನಲ್ಲಿ ಬೂದು ಬಣ್ಣಕ್ಕೆ ತಿರುಗಿದ ನೊರೆ ಒಣಗಿ ಅಂಟಿಕೊಂಡಿತ್ತು, ಅದರ ನಡುವೆ ತುಂಡು ಕೂದಲುಗಳೂ ಇದ್ದವು.

ನಾನು ಎದ್ದುಹೋಗಿ, “ಹೊಸ ಬ್ಲೇಡು ಹಾಕುವುದಿಲ್ಲವೇ?” ಎಂದು ಕೇಳಿದೆ. ಹುಡುಗನಿಗೆ ಕನ್ನಡವಾಗಲಿ ಮಲಯಾಳವಾಗಲಿ ಬಾರದ ಕಾರಣ ಮ್ಯಾನೇಜರನೇ ಬಂದು ಉತ್ತರಿಸಿದ: “ಇದು ಬ್ಲೇಡು ಹಾಕುವ ರೇಜರ್ ಅಲ್ಲ ಸರ್, ಜರ್ಮನಿಯ ಕತ್ತಿ. ಪ್ರತಿಸಲವೂ ಯುವಿ, ಅಂದರೆ ಅತಿನೇರಳೆ ಕಿರಣದ ಪೆಟ್ಟಿಗೆಯಲ್ಲಿ ಸ್ಟೆರಿಲೈಜ್ ಮಾಡಿಯೇ ಬಳಸುತ್ತೇವೆ.” ಮುಖದ ತುಂಬ ನೊರೆ ಹಚ್ಚಿಕೊಂಡು ಕುಳಿತಿದ್ದ ಅಳಿಯನಿಗೆ ಈ ಮಾತು ಪೂರ್ತಿ ಕೇಳಿಸುವ ಮೊದಲೇ ಅಲಗು ಅವನ ಕೆನ್ನೆಯ ಮೇಲಿತ್ತು.

ಹುಡುಗ ಮೊದಲು ಕೂದಲು ಬೆಳೆದ ದಿಕ್ಕಿನಲ್ಲಿ, ಆಮೇಲೆ ಅಡ್ಡಲಾಗಿ, ಕೊನೆಗೆ ಕತ್ತಿನ ಭಾಗದಲ್ಲಿ ಚರ್ಮವನ್ನು ಬಿಗಿಯಾಗಿ ಎಳೆದು ವಿರುದ್ಧ ದಿಕ್ಕಿನಲ್ಲಿಯೂ ಕತ್ತಿ ಓಡಿಸಿದ. ಗುಂಗುರು ಗಡ್ಡದವರಿಗೆ ಹೀಗೆ ಮಾಡಿದರೆ, ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾದ ಕೂದಲು ಬಾಗಿ ಒಳಕ್ಕೇ ಬೆಳೆದು ಗುಳ್ಳೆಗಳೇಳುತ್ತವೆ. ದವಡೆಯ ಕೆಳಗೆ ಒಂದು ಕಡೆ ಚರ್ಮ ಕೊಯ್ದು ರಕ್ತ ಬಂದಾಗ, ಮೇಜಿನ ಮೇಲೆ ಒದ್ದೆಯಾಗಿಯೇ ಇದ್ದ ಪಟಿಕದ ಗಟ್ಟಿಯನ್ನು ಎತ್ತಿ ಗಾಯದ ಮೇಲೆ ಉಜ್ಜಿದ. ಎಲ್ಲ ಗಿರಾಕಿಗಳಿಗೂ ಅದೊಂದೇ ಗಟ್ಟಿ. ಪಟಿಕ ಚರ್ಮವನ್ನು ಸಂಕುಚಿಸಿ ಸಣ್ಣ ಗಾಯದ ರಕ್ತವನ್ನು ನಿಲ್ಲಿಸುತ್ತದೆ ಎಂಬುದು ನಿಜವಾದರೂ, ಹತ್ತು ಮಂದಿಯ ಗಾಯಕ್ಕೆ ಉಜ್ಜಿದ ಗಟ್ಟಿಯನ್ನು ಅದರಿಂದಾಗಿಯೇ ಶುದ್ಧವೆಂದು ತಿಳಿಯುವಂತಿಲ್ಲ.

ಎರಡು ದಿನಗಳಲ್ಲಿ ಅವನ ಕತ್ತು ಮತ್ತು ದವಡೆಯ ತುಂಬ ಕೀವು ತುಂಬಿದ ಗುಳ್ಳೆಗಳೆದ್ದವು. ಚರ್ಮರೋಗ ತಜ್ಞರು ಅದು ಕೂದಲಿನ ಬುಡಕ್ಕೆ ತಗಲಿದ ಬ್ಯಾಕ್ಟೀರಿಯಾ ಸೋಂಕೆಂದು ಹೇಳಿ ಔಷಧ ಕೊಟ್ಟರು. ಮದುವೆಯ ದಿನ ಅವನು ಬಾಸಿಂಗ ಕಟ್ಟಿಕೊಂಡು ಕುಳಿತದ್ದು ಆ ಊದಿದ ಮುಖದಲ್ಲೇ. ಅದನ್ನು ನೋಡಿ ನನ್ನ ಅಕ್ಕ ಪಟ್ಟ ಸಂಕಟವನ್ನು ಇಲ್ಲಿ ವಿವರಿಸುವುದಿಲ್ಲ. ಗುಳ್ಳೆಗಳು ಹೇಗೂ ವಾಸಿಯಾದವು. ಆದರೆ ವೈದ್ಯರು ಕೇಳಿದ ಇನ್ನೊಂದು ಪ್ರಶ್ನೆ ನಮ್ಮೆಲ್ಲರ ನಿದ್ದೆಗೆಡಿಸಿತು: “ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿದ್ದೀರಾ?”

ಹೆಪಟೈಟಿಸ್ ಬಿ ರಕ್ತದ ಮೂಲಕ ಹರಡುವ ಯಕೃತ್ತಿನ ರೋಗ. ಅದರ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಜೀವಂತವಾಗಿರಬಲ್ಲದು, ಮತ್ತು ಕಣ್ಣಿಗೆ ಕಾಣಿಸದಷ್ಟು ಅಲ್ಪ ರಕ್ತದಿಂದಲೂ ಹರಡಬಲ್ಲದು. ಮಕ್ಕಳ ಉಚಿತ ಲಸಿಕಾ ಕಾರ್ಯಕ್ರಮದಲ್ಲಿ ಇದರ ಲಸಿಕೆ ದೇಶದಾದ್ಯಂತ ಸೇರಿದ್ದು 2011ರ ಹೊತ್ತಿಗಾದುದರಿಂದ, ಈಗ ಮದುವೆಯ ವಯಸ್ಸಿನಲ್ಲಿರುವ ಬಹಳಷ್ಟು ಮಂದಿಗೆ ಅದು ಸಿಕ್ಕಿರಲಾರದು. ನನ್ನ ಅಳಿಯನಿಗೂ ಸಿಕ್ಕಿರಲಿಲ್ಲ. ಇಂಥ ಗಾಯವಾದಾಗ ಲಸಿಕೆಯನ್ನು 24 ಗಂಟೆಗಳೊಳಗೆ ಹಾಕಿಸಿಕೊಳ್ಳುವುದು ಉತ್ತಮವೆಂದು ನಮಗೆ ತಿಳಿದದ್ದು ಆಗಲೇ. ಆ ದಿನವೇ ಮೊದಲ ಚುಚ್ಚುಮದ್ದು ಹಾಕಿಸಿ, ರಕ್ತಪರೀಕ್ಷೆಯನ್ನೂ ಮಾಡಿಸಿದೆವು. ರೋಗ ಪ್ರಕಟವಾಗಲು 30ರಿಂದ 180 ದಿನಗಳವರೆಗೂ ಹಿಡಿಯಬಹುದಾದ ಕಾರಣ ಒಂದು ಪರೀಕ್ಷೆಯಿಂದ ಸಮಾಧಾನ ಸಿಗುವಂತಿರಲಿಲ್ಲ. ಹೊಸದಾಗಿ ಮದುವೆಯಾದ ದಂಪತಿಗಳು ತಿಂಗಳುಗಟ್ಟಲೆ ಆ ಆತಂಕದಲ್ಲಿ ದಿನ ಕಳೆಯಬೇಕಾಯಿತು. ಕೊನೆಯ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂದದ್ದು ನಮ್ಮ ಪುಣ್ಯ.

ನೀಲಿ ಬೆಳಕಿನ ಪೆಟ್ಟಿಗೆಯನ್ನು ನಂಬಬೇಡಿ ಎಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. ರೋಗಾಣುಗಳನ್ನು ಕೊಲ್ಲುವ ಅತಿನೇರಳೆ ಕಿರಣ ನಮ್ಮ ಕಣ್ಣಿಗೆ ಕಾಣಿಸುವಂಥದ್ದಲ್ಲವಾದ್ದರಿಂದ, ಪೆಟ್ಟಿಗೆಯೊಳಗೆ ನೀಲಿ ಬಣ್ಣ ಕಂಡಿತೆಂದರೆ ಒಳಗೆ ಆ ಕಿರಣ ಸಾಕಷ್ಟಿದೆ ಎಂದು ಅರ್ಥವಾಗುವುದಿಲ್ಲ. ಇದ್ದರೂ ಅದು ನೇರವಾಗಿ ಬಿದ್ದ ಮೇಲ್ಮೈಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ನೊರೆಯ ಪದರದ ಅಡಿಗೆ, ಹಿಡಿಯ ಸಂದಿನೊಳಗೆ, ಅಲಗಿನ ಮರೆಯಾದ ಬದಿಗೆ ತಲುಪುವುದಿಲ್ಲ. ಆಸ್ಪತ್ರೆಗಳಲ್ಲಿ ಉಪಕರಣಗಳನ್ನು ಮೊದಲು ಚೆನ್ನಾಗಿ ತೊಳೆದು, ಆಟೋಕ್ಲೇವಿನಲ್ಲಿ 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒತ್ತಡದ ಹಬೆಗೆ ಕನಿಷ್ಠ 15 ನಿಮಿಷ ಒಡ್ಡುತ್ತಾರೆ. ಕ್ಷೌರದ ಕತ್ತಿಯ ಕಾರ್ಬನ್ ಉಕ್ಕು ಅಂಥ ಹಬೆಯಲ್ಲಿ ತುಕ್ಕು ಹಿಡಿಯುತ್ತದೆ, ಮರದ ಅಥವಾ ಕೊಂಬಿನ ಹಿಡಿ ಬಿರುಕು ಬಿಡುತ್ತದೆ. ಹೀಗಾಗಿ ದುಬಾರಿ ಕತ್ತಿಯನ್ನು ಕೊಂಡವರು ಅದನ್ನು ಸರಿಯಾಗಿ ಶುದ್ಧೀಕರಿಸಲು ಮನಸ್ಸು ಮಾಡುವುದೇ ಇಲ್ಲ. ಒಂದು ವೇಳೆ ಮಾಡಿದರೂ, ಮರುಕ್ಷಣವೇ ಎಲ್ಲರ ಕತ್ತಿಯನ್ನೂ ಮಸೆದ ಅದೇ ಚರ್ಮದ ಪಟ್ಟಿಯ ಮೇಲೆ ಎಳೆದರೆ ಆ ಶ್ರಮವೆಲ್ಲ ವ್ಯರ್ಥ. ಸ್ವಂತದ ಕತ್ತಿ, ಸ್ವಂತದ ಪಟ್ಟಿ ಇಟ್ಟುಕೊಂಡು ಮನೆಯಲ್ಲಿ ಕ್ಷೌರ ಮಾಡಿಕೊಳ್ಳುವವರಿಗೆ ಈ ಯಾವ ತೊಂದರೆಯೂ ಇಲ್ಲ. ಅದು ಒಬ್ಬನ ಬಳಕೆಗೆ ತಕ್ಕ ಉತ್ತಮ ಸಾಧನ; ಸಾರ್ವಜನಿಕ ಅಂಗಡಿಯಲ್ಲಿ ಅದಕ್ಕೆ ಜಾಗವಿರಬಾರದು.

ನಮ್ಮ ಊರಿನ ಸಾಮಾನ್ಯ ಕ್ಷೌರದಂಗಡಿಗಳು ಇದನ್ನು ಎಂದೋ ಅರ್ಥ ಮಾಡಿಕೊಂಡಿವೆ. ಎಚ್‌ಐವಿಯ ಬಗ್ಗೆ ತಿಳಿವಳಿಕೆ ಹರಡಿದ ದಿನಗಳಿಂದಲೂ ನಮ್ಮೂರಿನ ಕ್ಷೌರಿಕರು ಪ್ರತಿ ಗಿರಾಕಿಗೂ ಹೊಸ ಬ್ಲೇಡನ್ನು ಕಾಗದದೊಳಗೇ ಎರಡಾಗಿ ಮುರಿದು, ಅರ್ಧವನ್ನು ಹಿಡಿಗೆ ಸಿಕ್ಕಿಸಿ, ಕೆಲಸ ಮುಗಿದೊಡನೆ ಡಬ್ಬಿಗೆ ಹಾಕುತ್ತಾರೆ. ಬಹಳ ಕಡಿಮೆ ಹಣಕ್ಕೆ ಸಿಗುವ ಈ ಸುರಕ್ಷತೆಯನ್ನು, ಅದರ ಹಲವು ಪಟ್ಟು ಹಣ ಕೊಟ್ಟವರಿಗೆ ಪರಂಪರೆಯ ಹೆಸರು ಹೇಳಿ ನಿರಾಕರಿಸುವುದು ಅನ್ಯಾಯವೆಂದು ನಾನು ದೃಢವಾಗಿ ನಂಬುತ್ತೇನೆ.

ಹಲವರ ಮುಖಕ್ಕೆ ಬಳಸುವ ಪ್ರಾಣಿಕೂದಲಿನ ಬ್ರಷ್ಷಿನ ಬಗ್ಗೆಯೂ ಇದೇ ಎಚ್ಚರ ಬೇಕು. ಮೊದಲ ಮಹಾಯುದ್ಧದ ಕಾಲದಲ್ಲಿ, ಸರಿಯಾಗಿ ಶುದ್ಧೀಕರಿಸದ ಕುದುರೆಕೂದಲಿನ ಬ್ರಷ್ಷುಗಳಿಂದ ಸೈನಿಕರಿಗೂ ಜನಸಾಮಾನ್ಯರಿಗೂ ಆಂಥ್ರಾಕ್ಸ್ ಎಂಬ ಮಾರಕ ಸೋಂಕು ತಗಲಿ, 1920ರಲ್ಲಿ ಬ್ರಿಟನ್ನು ಜಪಾನಿನ ಬ್ರಷ್ಷುಗಳ ಆಮದನ್ನೇ ನಿಷೇಧಿಸಬೇಕಾಗಿ ಬಂದಿತ್ತು. ಆ ಅಂಗಡಿಯವರು ನಮಗೆ ಮಾರಿದ ಬ್ರಷ್ಷಿನ ಕಥೆ ಬೇರೆ. ‘ವಿದೇಶಿ ಬ್ಯಾಜರ್ ಕೂದಲು’ (ಬ್ಯಾಜರ್ ಎಂದರೆ ಬಿಲದಲ್ಲಿ ವಾಸಿಸುವ ಒಂದು ಕಾಡುಪ್ರಾಣಿ) ಎಂದು ಹೇಳಿ ಕೊಟ್ಟ ಅದರ ಒಂದೆಳೆಯನ್ನು ಮನೆಯಲ್ಲಿ ದೀಪಕ್ಕೆ ಹಿಡಿದಾಗ, ಕೂದಲು ಸುಟ್ಟ ವಾಸನೆ ಬರಲಿಲ್ಲ, ಬೂದಿಯೂ ಆಗಲಿಲ್ಲ. ಕರಗಿ ತುದಿಯಲ್ಲಿ ಗಟ್ಟಿಯಾದ ಕಪ್ಪು ಗುಂಡಾಯಿತು. ಅದು ನೈಲಾನಿನಂಥ ಕೃತಕ ಎಳೆ. ಕೃತಕ ಎಳೆಯ ಬ್ರಷ್ಷು ಕೆಟ್ಟದ್ದೇನೂ ಅಲ್ಲ, ಬೇಗ ಒಣಗುತ್ತದೆ. ಆದರೆ ಅದನ್ನು ಬ್ಯಾಜರ್ ಕೂದಲಿನ ಬೆಲೆಗೆ ಮಾರುವುದು ಮೋಸ. ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು ವಿಳಾಸಗಳೂ ಇರಲಿಲ್ಲ. ವಿದೇಶದಿಂದ ತಂದು ಪೊಟ್ಟಣದಲ್ಲಿ ಮಾರುವ ವಸ್ತುವಿನ ಮೇಲೆ ಅವು ಕಡ್ಡಾಯವಾಗಿ ಇರಬೇಕು.

ಹಣ ವಾಪಸು ಕೇಳಿದಾಗ ಅಂಗಡಿಯವರು ಪ್ಯಾಕೇಜಿನ ಕಾರ್ಡಿನಲ್ಲಿ ‘ಹಣ ಮರಳಿಸಲಾಗುವುದಿಲ್ಲ’ ಎಂದು ಅಚ್ಚಾಗಿದ್ದುದನ್ನು ತೋರಿಸಿದರು. ಹಾಗೆ ಅಚ್ಚು ಹಾಕಿದ ಮಾತ್ರಕ್ಕೆ ಅವರ ಹೊಣೆ ತೀರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಬಿಲ್ಲು ಕೊಡದಿರುವುದು, ದೋಷವಿರುವ ಸರಕನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ಒಪ್ಪದಿರುವುದು, ಇವೆರಡೂ ಅನುಚಿತ ವ್ಯಾಪಾರ ಪದ್ಧತಿಗಳೇ. ಘಟನೆ ನಡೆದ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅಂಗಡಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲಿಯೇ ಕೊಡಬಹುದು. ಸಲಹೆ ಬೇಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ದೂರಿಗೆ ಜೊತೆಯಾಗಿ ಹಣ ಪಾವತಿಯ ದಾಖಲೆ, ಗಾಯದ ದಿನಾಂಕಸಹಿತ ಚಿತ್ರ, ವೈದ್ಯರ ಚೀಟಿ, ರಕ್ತಪರೀಕ್ಷೆಯ ವರದಿ ಇವನ್ನು ನಾವು ಲಗತ್ತಿಸಿದೆವು.

ಅಂಗಡಿಯ ಸ್ವಚ್ಛತೆಯ ಬಗ್ಗೆ ಸ್ಥಳೀಯ ಆಡಳಿತದ ಆರೋಗ್ಯ ವಿಭಾಗಕ್ಕೂ ಪ್ರತ್ಯೇಕವಾಗಿ ಬರೆದಿದ್ದೇವೆ, ಅದನ್ನು ಕನ್ನಡದಲ್ಲಿಯೇ ಬರೆದಿದ್ದೇವೆ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಇಲ್ಲಿನ ರಾಜ್ಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೇರಳದ ಅಧಿಕೃತ ಭಾಷಾ ಕಾಯಿದೆಯೇ ನಮಗೆ ಕೊಟ್ಟಿದೆ. ಮಲಯಾಳದಲ್ಲಿ ಬರೆಯಲು ಬಾರದೆಂಬ ಅಳುಕಿನಿಂದ ಯಾರೂ ಸುಮ್ಮನಿರಬೇಡಿ. ಇಂಥದೇ ಅಂಗಡಿಯಲ್ಲಿ ಬ್ಲೇಡು ಬದಲಿಸದೆ ಕ್ಷೌರ ಮಾಡಿಸಿಕೊಂಡು ಗಾಯವಾಗಿದ್ದರೆ, ದೂರಿಗಿಂತ ಮೊದಲು ಇಂದೇ ವೈದ್ಯರನ್ನು ಕಂಡು ಹೆಪಟೈಟಿಸ್ ಬಿ ಲಸಿಕೆಯ ಬಗ್ಗೆ ಕೇಳಿ. ಮೊದಲನೆಯದು ಕೂಡಲೇ, ಉಳಿದೆರಡು ಅಲ್ಲಿಂದ 1 ಮತ್ತು 6 ತಿಂಗಳಿಗೆ ಎಂಬಂತೆ ಕೊಡುವ ಮೂರು ಚುಚ್ಚುಮದ್ದುಗಳನ್ನು ಮಧ್ಯದಲ್ಲಿ ಬಿಡದೆ ಪೂರ್ತಿ ಮಾಡಿಸಿಕೊಳ್ಳಿ.